ಕೆರೆಗೊಂದು ವಿಳಾಸ: ಕೋಲಾರದ ನಕ್ಷೆ ಫೈಲುಗಳಿಗೆ ಹೆಸರಿಟ್ಟ ಕೆಲಸದ ದಿನಚರಿ

ಕಂಪ್ಯೂಟರಿನ ನಕ್ಷೆಯಲ್ಲಿ ಮಾಲೂರಿನ ಕೆರೆಗಳ ಲೇಯರ್ (ಪದರ) ತೆರೆದಿತ್ತು. ಅದರ ಮೇಲೆ ಕೋಲಾರ ತಾಲ್ಲೂಕಿನ ಕೆರೆಗಳನ್ನು ಹಾಕಿದೆ. ಪರದೆಯಲ್ಲಿ ಹೊಸದಾಗಿ ಏನೂ ಮೂಡಲಿಲ್ಲ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಆ ಲೇಯರಿಗೇ ಜೂಮ್ ಮಾಡು ಅಂದಾಗ ನಕ್ಷೆ ಪಶ್ಚಿಮಕ್ಕೆ ಸರಿದು, ಘಟ್ಟ ಇಳಿದು, ಮಂಗಳೂರನ್ನೂ ದಾಟಿ ಸುಮಾರು 290 ಕಿಲೋಮೀಟರ್ ಆಚೆ ಅರಬ್ಬೀ ಸಮುದ್ರದಲ್ಲಿ ನಿಂತಿತು. ಕೋಲಾರಮ್ಮನ ಕೆರೆ, ಅದರ ಸುತ್ತಲಿನ ಕೆರೆಗಳು ಎಲ್ಲವೂ ಅಲ್ಲಿ, ಆಕಾರ ಒಂದಿಷ್ಟೂ ಕೆಡದೆ, ಉಪ್ಪುನೀರಿನ ನಡುವೆ ಸಾಲಾಗಿ ಕೂತಿದ್ದವು.

ಕಾರಣ ಹುಡುಕಲು ಅರ್ಧ ದಿನ ಹಿಡಿಯಿತು. ಜಾಗವನ್ನು ಮೀಟರಿನಲ್ಲಿ ಹೇಳುವ ಯುಟಿಎಂ ಪದ್ಧತಿಯಲ್ಲಿ ಭೂಮಿಯನ್ನು ಆರಾರು ಡಿಗ್ರಿ ಅಗಲದ ಪಟ್ಟಿಗಳಾಗಿ ಸೀಳಿರುತ್ತಾರೆ. ಪೂರ್ವ ರೇಖಾಂಶ 72ರಿಂದ 78ರವರೆಗೆ 43ನೇ ಪಟ್ಟಿ, 78ರಿಂದ 84ರವರೆಗೆ 44ನೇ ಪಟ್ಟಿ. ಬೆಂಗಳೂರು, ತುಮಕೂರು ಪೂರ್ತಿ 43ರಲ್ಲಿವೆ. 78ರ ಗೆರೆ ಮಾತ್ರ ನಮ್ಮ ಕೋಲಾರ ಜಿಲ್ಲೆಯ ಮೈಮೇಲೇ ಹಾದುಹೋಗುತ್ತದೆ. ಮಾಲೂರಿನ ಹೆಚ್ಚು ಭಾಗ ಆ ಗೆರೆಯ ಪಶ್ಚಿಮಕ್ಕಿದ್ದರೆ ಕೋಲಾರ, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ ಪಟ್ಟಣಗಳು ಪೂರ್ವಕ್ಕಿವೆ. ಕೋಲಾರ ಪಟ್ಟಣದ ಪೂರ್ವ ದಿಕ್ಕಿನ ಅಳತೆ 44ನೇ ಪಟ್ಟಿಯಲ್ಲಿ ಸುಮಾರು 1.9 ಲಕ್ಷ ಮೀಟರ್. ಅದೇ ಜಾಗವನ್ನು 43ನೇ ಪಟ್ಟಿಯಲ್ಲಿ ಹೇಳಬೇಕಾದರೆ ಸುಮಾರು 8.4 ಲಕ್ಷ ಮೀಟರ್. ನನ್ನ ಕೈಗೆ ಬಂದದ್ದು ಶೇಪ್‌ಫೈಲ್, ಅಂದರೆ ಹಲವು ಫೈಲುಗಳ ಕಟ್ಟಾಗಿ ಬರುವ ನಕ್ಷೆ. ಅದರಲ್ಲಿ ಆಕಾರದ ಫೈಲು, ಸೂಚಿಯ ಫೈಲು, ವಿವರಗಳ ಕೋಷ್ಟಕದ ಫೈಲು ಮೂರೂ ಇದ್ದವು. ಪ್ರೊಜೆಕ್ಷನ್ ಯಾವುದು, ಅಂದರೆ ಅಂಕಿಗಳು ಯಾವ ಪದ್ಧತಿಯ ಯಾವ ಪಟ್ಟಿಯವು ಎಂದು ಹೇಳುವ ನಾಲ್ಕನೆಯದನ್ನು ಯಾರೋ ಜಿಪ್ ಮಾಡುವಾಗ ಬಿಟ್ಟಿದ್ದರು. ಅದಿಲ್ಲದೆಯೂ ಶೇಪ್‌ಫೈಲ್ ತೆರೆಯುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬಂದಿರಲಿಲ್ಲ. ನನ್ನ ಪ್ರಾಜೆಕ್ಟ್ 43ನೇ ಪಟ್ಟಿಯಲ್ಲಿತ್ತು (ಅದರ ಸಂಕೇತ ಸಂಖ್ಯೆ ಇಪಿಎಸ್‌ಜಿ 32643), ಫೈಲಿನ ಅಂಕಿಗಳು 44ನೆಯದರವು (32644). 44ರ ಅಂಕಿಗಳನ್ನು 43ರವೆಂದು ಓದಿದ್ದರಿಂದ ಕೆರೆಗಳು ಸಮುದ್ರಕ್ಕೆ ಹೋಗಿದ್ದವು. ಫೈಲಿನ ಹೆಸರು ‘ಕೆರೆ_ಕೋಲಾರ_ಅಂತಿಮ_ಹೊಸದು’.

ಆ ಹೆಸರಿನಿಂದ ಏನು ತಿಳಿಯುತ್ತದೆ? ಯಾವ ಕೆರೆ, ಕೆರೆಯ ಯಾವ ಭಾಗ, ಯಾವತ್ತಿನದು, ಯಾರು ಒಪ್ಪಿದ್ದು, ಯಾವುದೂ ಇಲ್ಲ. ಅದೇ ಫೋಲ್ಡರಿನಲ್ಲಿ ‘ಕೋಲಾರ_ಕೆರೆ_2’, ‘ಕೆರೆ_ಕೋಲಾರ_ಅಂತಿಮ’ ಅನ್ನುವವೂ ಇದ್ದವು. ನಾವು ಮೂವರು ಗೆಳೆಯರು ಸೇರಿ ಜಿಲ್ಲೆಯ ಕೆರೆಗಳ ಏರಿ, ತೂಬು, ಕೋಡಿಗಳನ್ನು ನಕ್ಷೆಗೆ ತರುತ್ತಿದ್ದೇವೆ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತಲ್ಲ, ಆಮೇಲೆ ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಒಂದೊಂದಾಗಿ ತುಂಬಿದವು. ಯಾವ ಕೆರೆ ಮೊದಲು ಎಷ್ಟಿತ್ತು, ಈಗ ಎಷ್ಟಿದೆ ಅಂತ ಕೇಳುವವರು ಹೆಚ್ಚಾದರು. ಉತ್ತರ ಕೊಡಬೇಕಾದರೆ ಮೊದಲು ಸರಿಯಾದ ಫೈಲು ಸಿಗಬೇಕು. ಸಮುದ್ರದ ಕೆರೆಗಳನ್ನು ಕಂಡ ದಿನವೇ ಹೊಸ ಅಳತೆ ನಿಲ್ಲಿಸಿ, ಮೊದಲು ಹೆಸರಿನ ಕೆಲಸ ಮುಗಿಸೋಣ ಎಂದು ತೀರ್ಮಾನಿಸಿದೆವು.

ಮೊದಲ ಕರಡು: ಜಿಲ್ಲೆ, ತಾಲ್ಲೂಕು, ಊರು

ಯಾರಿಗಾದರೂ ಮೊದಲು ಹೊಳೆಯುವುದು ಇದೇ. ಅಂಚೆ ವಿಳಾಸದ ಹಾಗೆ ಜಿಲ್ಲೆ, ತಾಲ್ಲೂಕು, ಗ್ರಾಮ, ಕೆರೆ. ಹೆಸರಿನ ಬದಲು ಸಂಖ್ಯೆ ಹಾಕಿದರೆ ಸ್ಪೆಲಿಂಗ್ ಜಗಳವೂ ಇರುವುದಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕಕ್ಕೆ 29, ಕೋಲಾರ ಜಿಲ್ಲೆಗೆ 581, ಚಿಕ್ಕಬಳ್ಳಾಪುರಕ್ಕೆ 582. ಪ್ರತಿ ಗ್ರಾಮಕ್ಕೂ ಆರಂಕಿಯ ಸಂಖ್ಯೆ ಇದೆ. ಎರಡು ವಾರ ಅದರಲ್ಲೇ ಕೆಲಸ ಮಾಡಿದೆವು. ಮೂರು ಕಡೆ ಮುರಿಯಿತು.

ಒಂದು, ಗಡಿಗಳು ನಿಲ್ಲುವುದಿಲ್ಲ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಸ್ವಲ್ಪ ಮುಂಚಿನ ನಕ್ಷೆಯಲ್ಲಿ ‘ಕೋಲಾರ’ ಅಂದರೆ 11 ತಾಲ್ಲೂಕು. ಬಾಗೇಪಲ್ಲಿ, ಗೌರಿಬಿದನೂರು, ಚಿಂತಾಮಣಿ ಎಲ್ಲ ಅದರೊಳಗೆ. ನಂತರದ ನಕ್ಷೆಯಲ್ಲಿ ಅವು ಇಲ್ಲ. ಬಂಗಾರಪೇಟೆಯಿಂದ ಕೆಜಿಎಫ್ ಬೇರೆ ತಾಲ್ಲೂಕಾಯಿತು. ಕೆರೆಗಳು ಕದಲಲಿಲ್ಲ, ಆದರೆ ನಮ್ಮ ಲೆಕ್ಕದಲ್ಲಿ ಅವುಗಳ ವಿಳಾಸ ಬದಲಾಗಬೇಕಾಯಿತು. ಎರಡು, ಹೋಬಳಿ. ಕಂದಾಯದ ಭೂಮಿ ತಂತ್ರಾಂಶದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್ ಎಂಬ ಮೆಟ್ಟಿಲುಗಳಿವೆ. ಜನಗಣತಿಯಲ್ಲಿ ಹೋಬಳಿ ಎಂಬ ಮೆಟ್ಟಿಲೇ ಇಲ್ಲ. ಎರಡನ್ನೂ ಒಂದೇ ಸಾಲಿಗೆ ಹೊಂದಿಸಲು ಹೋದರೆ ಯಾವುದಾದರೂ ಒಂದು ಊನವಾಗುತ್ತದೆ. ಮೂರನೆಯದೇ ಕೊನೆಗೆ ಕರಡನ್ನು ಕೆಡವಿದ್ದು: ಕೆರೆ ಒಂದೇ ಊರಿನದಲ್ಲ. ಏರಿ ಒಂದು ಗ್ರಾಮದಲ್ಲಿ, ಅಂಗಳ ಇನ್ನೊಂದರಲ್ಲಿ, ಅಚ್ಚುಕಟ್ಟು ಮೂರನೆಯದರಲ್ಲಿ. ಹಾಗಾಗಿ ಒಂದೇ ಕೆರೆ ನಮ್ಮಲ್ಲಿ ಎರಡು ವಿಳಾಸ ಹೊತ್ತು ಎರಡು ಸಲ ಕೂತಿತ್ತು.

ಕೆರೆಯ ಹೆಸರೂ ನೆರವಿಗೆ ಬರುವುದಿಲ್ಲ. ದೊಡ್ಡಕೆರೆ, ಚಿಕ್ಕಕೆರೆ, ಹೊಸಕೆರೆ, ಅಮಾನಿಕೆರೆ ಇಲ್ಲದ ಹೋಬಳಿ ಯಾವುದು?

ತೂಬಿನ ಕಲ್ಲು

ಮುಳಬಾಗಿಲು ಕಡೆಯ ಒಂದು ಏರಿಯ ಮೇಲೆ ವಯಸ್ಸಾದ ನೀರುಗಂಟಿಯೊಬ್ಬರ ಜೊತೆ ನಡೆಯುತ್ತಿದ್ದೆ. ಈ ಕೆರೆ ಯಾವ ಊರಿಗೆ ಸೇರಿದ್ದು ತಾತಾ ಅಂತ ಕೇಳಿದ್ದಕ್ಕೆ ಅವರು ನೇರ ಉತ್ತರ ಕೊಡಲಿಲ್ಲ. ಏರಿ ಇಳಿದು ತೂಬಿನ ಕಲ್ಲುಕಂಬದ ಹತ್ತಿರ ಕರೆದುಕೊಂಡು ಹೋದರು. “ಊರು ಯಾವ್ದಾದ್ರೂ ಬರ್ಕೊಳಮ್ಮ. ಈ ತೂಬಿಂದು ಅಂದ್ರೆ ಈ ಕೆರೆ, ಆ ತೂಬಿಂದು ಅಂದ್ರೆ ಆ ಕೆರೆ. ನಾವು ನೀರು ಬಿಡೋದು ಇದನ್ನ ನೋಡ್ಕೊಂಡೇ ಅಲ್ವಾ,” ಅಂದರು. ಎರಡು ನಿಲುವುಗಲ್ಲು, ನಡುವೆ ಅಡ್ಡಗಲ್ಲು, ಅಡ್ಡಗಲ್ಲಿನ ತೂತಿನಲ್ಲಿ ಗಳ ಉಜ್ಜಿ ಉಜ್ಜಿ ನುಣುಪಾದ ಅಂಚು. ಅಲ್ಲಿ ಜಿಪಿಎಸ್ ಹಿಡಿದು ನಿಂತಾಗ ನನಗೆ ಬೇಕಾದದ್ದು ಸಿಕ್ಕಿತು. ನೀರಿನ ಅಂಚು ಪ್ರತಿ ತಿಂಗಳೂ ಬದಲಾಗುತ್ತದೆ. ಅಂಗಳದ ಗಡಿಯ ಬಗ್ಗೆ ತಕರಾರು ಇರುತ್ತದೆ. ತೂಬು ಮಾತ್ರ ಒಂದೇ ಬಿಂದು. ಆ ಬಿಂದು ಎಲ್ಲಿದೆಯೋ ಅದೇ ಕೆರೆಯ ಗುರುತು ಎಂದು ಇಟ್ಟುಕೊಂಡರೆ ಕೆರೆ ಎರಡು ಕಡೆ ಸೇರಲು ಸಾಧ್ಯವಿಲ್ಲ. ಎರಡು ಮೂರು ತೂಬಿದ್ದರೆ ಊರವರು ದೊಡ್ಡ ತೂಬು ಅನ್ನುವುದನ್ನೇ ತೆಗೆದುಕೊಳ್ಳುತ್ತೇವೆ. ತೂಬು ಕುಸಿದು ಗುರುತೇ ಇಲ್ಲದಿದ್ದರೆ ಏರಿಯ ನಡು.

ಬಿಂದುವನ್ನು ವಿಳಾಸ ಮಾಡಲು ಗಡಿ ಬದಲಾಗದ ಚೌಕಟ್ಟು ಬೇಕು. ಅದು ನಮ್ಮ ದೇಶದಲ್ಲಿ ಮೊದಲಿನಿಂದಲೂ ಇದೆ: ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ (ಭೂಲಕ್ಷಣ ನಕ್ಷೆಯ ಹಾಳೆ) ಸಂಖ್ಯೆ. ಈ ಪದ್ಧತಿ ಮಾಡಿದವರ ಬಗ್ಗೆ ನನಗೆ ತುಂಬ ಗೌರವ. ನಾಲ್ಕು ಡಿಗ್ರಿ ಉದ್ದ, ನಾಲ್ಕು ಡಿಗ್ರಿ ಅಗಲದ ಚೌಕಕ್ಕೆ ಒಂದು ಸಂಖ್ಯೆ. ನಮ್ಮದು 57, ಪೂರ್ವ 76ರಿಂದ 80, ಉತ್ತರ 12ರಿಂದ 16. ಅದನ್ನು ಒಂದೊಂದು ಡಿಗ್ರಿಯ 16 ಚೌಕ ಮಾಡಿ ಎ ಇಂದ ಪಿ ವರೆಗೆ ಅಕ್ಷರ ಕೊಟ್ಟಿದ್ದಾರೆ. ಅಕ್ಷರಗಳು ಮೇಲಿನಿಂದ ಕೆಳಕ್ಕೆ ಇಳಿದು, ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತವೆ. ಒಂದು ಡಿಗ್ರಿಯ ಚೌಕವನ್ನು ಮತ್ತೆ ಅದೇ ಕ್ರಮದಲ್ಲಿ 16 ಮಾಡಿದರೆ 15 ನಿಮಿಷದ ಹಾಳೆ, 1:50,000 ಅಳತೆಯದು. ಕೋಲಾರ ಪಟ್ಟಣ 57ಕೆ/4. ಶ್ರೀನಿವಾಸಪುರ 57ಕೆ/3. ಮುಳಬಾಗಿಲು 57ಕೆ/8. ಕೆಜಿಎಫ್ ಇನ್ನೂ ದಕ್ಷಿಣಕ್ಕಿರುವುದರಿಂದ 57ಎಲ್‌ನಲ್ಲಿ. ಒಂದೊಂದು ಅಕ್ಷರ ಓದಿದ ಹಾಗೆ ಜಾಗ ಹತ್ತಿರವಾಗುತ್ತಾ ಬರುತ್ತದೆ. ಜಿಲ್ಲೆ ಎಷ್ಟು ಸಲ ಒಡೆದರೂ ಈ ಹಾಳೆಗೆ ಸಂಬಂಧವಿಲ್ಲ.

ಇನ್ನೊಂದು ಲಾಭ ಆಮೇಲೆ ಗೊತ್ತಾಯಿತು. ಹಾಳೆಗಳ ಗೆರೆ ಪೂರ್ಣ ಡಿಗ್ರಿಯಲ್ಲೇ ಬೀಳುವುದರಿಂದ 57ಜಿ, 57ಹೆಚ್ ಎರಡೂ 78ರ ಪಶ್ಚಿಮಕ್ಕೆ, 57ಕೆ, 57ಎಲ್ ಎರಡೂ ಪೂರ್ವಕ್ಕೆ. ಅಂದರೆ ಹೆಸರಿನ ಒಂದೇ ಅಕ್ಷರದಲ್ಲಿ ಯುಟಿಎಂ ಪಟ್ಟಿ 43 ಅಥವಾ 44 ಅಂತ ತಿಳಿಯುತ್ತದೆ. ನಮ್ಮ ಕೆರೆಗಳನ್ನು ಸಮುದ್ರಕ್ಕೆ ತಳ್ಳಿದ ಪ್ರಶ್ನೆಗೆ ಹೆಸರಿನೊಳಗೇ ಉತ್ತರ ಇತ್ತು.

‘ಹೆಚ್’ ಅಂತ ಬರೆಯುವವರು ಒಬ್ಬರು, ‘ಎಚ್’ ಅಂತ ಬರೆಯುವವರು ಇನ್ನೊಬ್ಬರು. 57ಕೆ/4 ಎಂದು ಹಾಳೆಯ ಸಂಖ್ಯೆಯೊಳಗೇ ಓರೆಗೆರೆ ಹಾಕಿದರೆ ಕಂಪ್ಯೂಟರ್ ಅದನ್ನು ಫೋಲ್ಡರ್ ಅಂದುಕೊಳ್ಳುತ್ತದೆ. ಹಾಗಾಗಿ ಅಕ್ಷರವನ್ನು ಎರಡಂಕಿ ಮಾಡಿದೆವು: ಕೆ 11ನೆಯದು, ಎಲ್ 12ನೆಯದು. ಹಾಳೆಯ ಸಂಖ್ಯೆಗೂ ಎರಡಂಕಿ, ಇಲ್ಲದಿದ್ದರೆ ವಿಂಗಡಿಸುವಾಗ 10 ಬಂದು 2ರ ಮುಂದೆ ಕೂರುತ್ತದೆ.

ಲೆಕ್ಕ ಸುಲಭ, ಕೈಯಲ್ಲೇ ಮಾಡಬಹುದು. ಕೋಲಾರ ಪೇಟೆಯ ಒಂದು ಬಿಂದು ಪೂರ್ವ 78.13, ಉತ್ತರ 13.14 ಅನ್ನಿ. 78.13ರಲ್ಲಿ 76 ಕಳೆದರೆ 2.13, ಪೂರ್ಣಾಂಕ 2. 16ರಲ್ಲಿ 13.14 ಕಳೆದರೆ 2.86, ಪೂರ್ಣಾಂಕ 2. ಮೊದಲನೆಯದನ್ನು 4ರಿಂದ ಗುಣಿಸಿ, ಎರಡನೆಯದನ್ನು ಕೂಡಿಸಿ, ಒಂದು ಸೇರಿಸಿದರೆ 11. ಒಳಗಿನ ಹಾಳೆಗೂ ಅದೇ ಲೆಕ್ಕ, 0.25 ಡಿಗ್ರಿಯ ಹೆಜ್ಜೆಯಲ್ಲಿ: 78ರಿಂದ 0.13 ದೂರ, ಹೆಜ್ಜೆ 0, 14ರಿಂದ 0.86 ಕೆಳಗೆ, ಹೆಜ್ಜೆ 3, ಒಟ್ಟು 4. ಹಾಳೆ 57-11-04. ಅದಾದ ಮೇಲೆ ಆ ಹಾಳೆಯಲ್ಲಿ ನಾವು ಗುರುತಿಸಿದ ಕ್ರಮದಲ್ಲಿ ಕೆರೆಗೆ ಮೂರಂಕಿ.

ಎಚ್ಚರ ಒಂದಿದೆ. ಹಳೆಯ ಟೋಪೋಶೀಟುಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ಎಂಬ ಹಳೆಯ ಆಧಾರ ಹಿಡಿದು ಬರೆದವು, ಜಿಪಿಎಸ್ ಕೊಡುವುದು ಡಬ್ಲ್ಯೂಜಿಎಸ್ 84 ಎಂಬ ಬೇರೆ ಆಧಾರದಲ್ಲಿ. ಎರಡರ ನಡುವೆ ಗೆರೆ ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ. ನಾವು ಹಳೆಯ ಸಂಖ್ಯೆಯ ಕ್ರಮವನ್ನು ಮಾತ್ರ ಇಟ್ಟುಕೊಂಡು, ಗೆರೆಗಳನ್ನು ಡಬ್ಲ್ಯೂಜಿಎಸ್ 84ರ ಡಿಗ್ರಿಯಲ್ಲಿ ಎಳೆದೆವು. ಗೆರೆಯ ಪಕ್ಕದಲ್ಲೇ ಇರುವ ತೂಬನ್ನು ಮುಂದೆ ಇನ್ನೂ ಒಳ್ಳೆಯ ಸಾಧನದಿಂದ ಅಳೆದು, ಬಿಂದು ಆಚೆ ಬಿದ್ದರೂ ಕೆರೆಯ ಸಂಖ್ಯೆ ಬದಲಿಸುವಂತಿಲ್ಲ. ಸಂಖ್ಯೆಯನ್ನು ಲೆಕ್ಕ ಹಾಕುವುದು ಹೆಸರಿಡುವ ದಿನ ಒಂದೇ ಸಲ. ಆಮೇಲೆ ರಿಜಿಸ್ಟರಿನಲ್ಲಿ ಇರುವುದೇ ಸತ್ಯ. ಇದರ ಬಗ್ಗೆ ನಮ್ಮೊಳಗೆ ಜೋರು ವಾದವೇ ನಡೆಯಿತು. ನಾನು ಬಗ್ಗಲಿಲ್ಲ, ಯಾಕೆಂದರೆ ತಾನಾಗಿ ಬದಲಾಗುವ ವಿಳಾಸವನ್ನು ವರದಿಯಲ್ಲಿ ಬರೆದು ಕೊಡಲಾಗದು.

ಅಂಗಳವೂ ನೀರೂ ಒಂದೇ ಅಲ್ಲ

ಮುಂದಿನ ಭಾಗ ಲೇಯರಿನ ಜಾತಿ. ಇದಕ್ಕೆ ಏಳೇ ಪದ, ಹೊಸದು ಸೇರಿಸಬೇಕಾದರೆ ಮೂವರೂ ಒಪ್ಪಬೇಕು: ಏರಿ, ತೂಬು, ಕೋಡಿ, ಅಂಗಳ, ನೀರು, ಕಾಲುವೆ, ಅಚ್ಚುಕಟ್ಟು. ರೈತರು ದಿನಾ ಆಡುವ ಮಾತು, ಅರ್ಥಕ್ಕೆ ನಿಘಂಟು ಬೇಡ. ಏರಿ ಅಂದಾಗಲೇ ಅದು ಗೆರೆ, ತೂಬು ಬಿಂದು, ಅಂಗಳ ಹರವು ಎಂದು ತಂತ್ರಾಂಶಕ್ಕೂ ಹೇಳಿಕೊಡಬಹುದು. ತೂಬಿನ ವಿಳಾಸಕ್ಕೆ ಯಾರಾದರೂ ಗೆರೆ ತುಂಬಲು ಬಂದರೆ ಅದು ಒಳಗೇ ಬಿಡುವುದಿಲ್ಲ.

ಅಂಗಳ ಮತ್ತು ನೀರು ಬೇರೆ ಬೇರೆ ಇರಬೇಕೆಂದು ಕಲಿತದ್ದು ಒಂದು ತಪ್ಪಿನಿಂದ. ಮೊದಲು ಎರಡೂ ‘ಕೆರೆ’ ಎಂಬ ಹೆಸರಿನಲ್ಲೇ ಇದ್ದವು. ಒತ್ತುವರಿ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಮಿಗೆ ನಾನು ಅಂಗಳದ ಗಡಿ ಕೊಡುವ ಬದಲು ಬೇಸಿಗೆಯ ಉಪಗ್ರಹ ಚಿತ್ರದಿಂದ ತೆಗೆದ ನೀರಿನ ಹರವು ಕೊಟ್ಟೆ. ಒಣಗಿದ ಅಂಗಳದ ಅರ್ಧಕ್ಕೂ ಹೆಚ್ಚು ಭಾಗ ಒತ್ತುವರಿ ಎಂದು ಕೆಂಪಾಯಿತು. ಸದ್ಯ, ಅದು ನಮ್ಮ ಮೂವರನ್ನು ದಾಟಿ ಹೊರಗೆ ಹೋಗಲಿಲ್ಲ. ಹೋಗಿದ್ದರೆ ಯಾವುದೋ ರೈತನ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ಹೆಸರಿಡುವ ಕೆಲಸ ಗುಮಾಸ್ತಿಕೆ ಅನ್ನುವವರಿಗೆ ನಾನು ಆ ಕೆಂಪು ನಕ್ಷೆಯನ್ನು ತೋರಿಸುತ್ತೇನೆ.

ಆಮೇಲೆ ದಿನಾಂಕ. ಯಾವ ದಿನಾಂಕ? ಫೈಲು ಉಳಿಸಿದ ದಿನವೋ, ಅಳತೆ ಮಾಡಿದ ದಿನವೋ? ಸೆಂಟಿನೆಲ್-2 ಉಪಗ್ರಹದ ಫೈಲಿನ ಹೆಸರು ನೋಡಿ ದಾರಿ ಕಂಡುಕೊಂಡೆವು. ಅದರಲ್ಲಿ ಉಪಗ್ರಹ ನೆಲವನ್ನು ಕಂಡ ಹೊತ್ತು ಮೊದಲು ಬರುತ್ತದೆ, ಆಮೇಲೆ ತುಣುಕಿನ ಗುರುತು (ಬೆಂಗಳೂರಿನದು 43ಪಿಜಿಕ್ಯೂ), ಕೊನೆಗೆ ಇನ್ನೊಂದು ಹೊತ್ತು. ನಾವೂ ನೆಲ ಕಂಡ ದಿನವನ್ನೇ ವಿಳಾಸಕ್ಕೆ ತಂದೆವು. ವರ್ಷ, ತಿಂಗಳು, ದಿನ ಈ ಕ್ರಮದಲ್ಲೇ. ತಿಂಗಳು ಮಾತ್ರ ಗೊತ್ತಿದ್ದರೆ ತಿಂಗಳಿಗೇ ನಿಲ್ಲಿಸುತ್ತೇವೆ, ಗೊತ್ತಿಲ್ಲದ ದಿನಕ್ಕೆ 01 ತುಂಬುವುದಿಲ್ಲ. ಕೊನೆಯಲ್ಲಿ ಕಚ್ಚಾ ಅಥವಾ ಪಕ್ಕಾ: ಇನ್ನೊಬ್ಬರು ನೋಡಿ ಒಪ್ಪಿದ ಮೇಲಷ್ಟೇ ಪಕ್ಕಾ.

ಪೂರ್ತಿ ವಿಳಾಸ ಹೀಗೆ ಬಂತು:

ಅಂಗಳ/57-11-04-012@2019-02-10/ಪಕ್ಕಾ

ನೀರು/57-11-04-012@2019-02/ಕಚ್ಚಾ

@ಗೆ ಬಂದದ್ದು ಬೇರೆಯವನ್ನೆಲ್ಲ ಬಿಡುತ್ತಾ ಬಿಡುತ್ತಾ. ಎರಡು ಚುಕ್ಕೆಯನ್ನು (:) ವಿಂಡೋಸ್ ಫೈಲಿನ ಹೆಸರಿನಲ್ಲಿ ಒಪ್ಪುವುದಿಲ್ಲ. # ಹಾಕಿದರೆ ವೆಬ್ ವಿಳಾಸದಲ್ಲಿ ಅದರ ಮುಂದಿನದು ಸರ್ವರನ್ನು ಮುಟ್ಟುವುದೇ ಇಲ್ಲ. ಗ್ರಾಸ್ ಎಂಬ ಹಳೆಯ ಜಿಐಎಸ್ ತಂತ್ರಾಂಶ ನಕ್ಷೆಯ ಹೆಸರನ್ನೂ ಅದಿರುವ ಮ್ಯಾಪ್‌ಸೆಟ್ಟನ್ನೂ (ನಕ್ಷೆಗಳ ಕಟ್ಟು) @ನಿಂದಲೇ ಜೋಡಿಸುತ್ತದೆ, ಆ ಅಭ್ಯಾಸ ನಮಗೆ ಹಿಡಿಸಿತು. ದಿನಾಂಕವಿಲ್ಲದೆ ಕೇಳಿದರೆ ಇತ್ತೀಚಿನ ಪಕ್ಕಾ ಸಿಗುತ್ತದೆ. ವರದಿಯಲ್ಲಿ ಮಾತ್ರ ದಿನಾಂಕ ಕಡ್ಡಾಯ.

ಕೋಡಿ ಎರಡಾದದ್ದು

ಇಷ್ಟಾದ ಮೇಲೆ ಒಂದು ಸಂಜೆ ರಿಜಿಸ್ಟರಿನಲ್ಲಿ ‘ಕೋಡಿ’ ಎಂಬ ಜಾತಿ ಎರಡು ಸಲ ಕಂಡಿತು. ಎರಡೂ ಕಣ್ಣಿಗೆ ಒಂದೇ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಅಕ್ಷರಗಳ ಉದ್ದ ಕೇಳಿದಾಗ ಒಂದು 4 ಅಂದಿತು, ಇನ್ನೊಂದು 6.

ನಮ್ಮಲ್ಲೊಬ್ಬರ ಹಳೆಯ ಮ್ಯಾಕ್‌ನಿಂದ ಬಂದ ಫೈಲು ಅದು. ಕಂಪ್ಯೂಟರ್ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ಓ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎ ಚಿಹ್ನೆ, ಊ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಹಳೆಯ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಫೈಲು ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಡುತ್ತದೆ. ಪರದೆಯ ಮೇಲೆ ‘ಕೋ’ ಒಂದೇ ಆದರೂ ಲಿನಕ್ಸ್ ಸರ್ವರಿಗೆ ಅವು ಎರಡು ಬೇರೆ ಹೆಸರು. ಕೋಲಾರ ಅನ್ನುವ ಪದವೇ ಒಂದು ಬಗೆಯಲ್ಲಿ 5 ಸಂಕೇತ, ಇನ್ನೊಂದರಲ್ಲಿ 7. ಈ ತೊಂದರೆ ಕನ್ನಡದ ಐದು ಸ್ವರಚಿಹ್ನೆಗಳಿಗಿದೆ: ಈ, ಏ, ಐ, ಒ, ಓ. ನಮ್ಮ ಏಳು ಪದಗಳಲ್ಲಿ ಕೋಡಿ, ನೀರು ಎರಡೂ ಇದರಲ್ಲಿ ಸಿಕ್ಕಿಕೊಂಡವು.

ಪದ ಬದಲಿಸೋಣವೆಂದು ಒಬ್ಬರು ಹೇಳಿದರು. ಕೋಡಿಯನ್ನು ಕೋಡಿ ಅನ್ನದೆ ಇನ್ನೇನು ಅನ್ನುವುದು? ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಯೂನಿಕೋಡ್ ಪಠ್ಯವನ್ನು ಎನ್‌ಎಫ್‌ಸಿ ಎಂಬ ಒಟ್ಟುಗೂಡಿದ ರೂಪಕ್ಕೆ ಕೂಡಿಸುವ ಸೌಲಭ್ಯ ಜೊತೆಗೇ ಬರುತ್ತದೆ. ವಿಳಾಸ ಎಲ್ಲಿಂದ ಬಂದರೂ, ಓದುವ ಮೊದಲ ಸಾಲಿನಲ್ಲೇ ಅದನ್ನು ಕೂಡಿಸಿ, ಕಣ್ಣಿಗೆ ಕಾಣದ ಜೋಡಣೆ ಸಂಕೇತಗಳನ್ನು ತೆಗೆದು, ಆಮೇಲೆ ಮುಂದಕ್ಕೆ ಬಿಡುತ್ತೇವೆ. ಒಂದೇ ಸಾಲಿನ ತಿದ್ದುಪಡಿ. ನಮ್ಮ ಭಾಷೆಯ ಪದವನ್ನು ನಮ್ಮ ತಂತ್ರಾಂಶದಲ್ಲಿ ಉಳಿಸಿಕೊಳ್ಳಲು ಅಷ್ಟು ಸಾಕಾಯಿತು.

ಶೇಪ್‌ಫೈಲ್ ಬಿಟ್ಟದ್ದೂ ಇದೇ ಕಾರಣಕ್ಕೆ. ಅದರ ಕೋಷ್ಟಕದಲ್ಲಿ ಕಾಲಂ ಹೆಸರಿಗೆ ಹತ್ತೇ ಬೈಟ್ ಜಾಗ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ‘ಕೆರೆ’ಯಲ್ಲಿ ನಾಲ್ಕು ಸಂಕೇತ, 12 ಬೈಟ್. ಕೆರೆ ಅನ್ನುವ ಎರಡಕ್ಷರವೂ ಅದರಲ್ಲಿ ಹಿಡಿಯುವುದಿಲ್ಲ. ಎಲ್ಲವನ್ನೂ ಜಿಯೋಪ್ಯಾಕೇಜ್‌ಗೆ ಸಾಗಿಸಿದೆವು. ಅದು ಒಳಗೆ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್, ಒಂದೇ ಫೈಲು, ಪ್ರೊಜೆಕ್ಷನ್ ಮಾಹಿತಿ ಅದರ ಹೊಟ್ಟೆಯಲ್ಲೇ ಇರುತ್ತದೆ, ಜಿಪ್ ಮಾಡುವಾಗ ಬಿಟ್ಟುಹೋಗುವ ಭಯವಿಲ್ಲ.

ವಾಟ್ಸಾಪ್‌ನಲ್ಲಿ ಕೊಂಡಿ ಕಳಿಸುವಾಗ ಒಂದು ಸಣ್ಣ ಕಿರಿಕಿರಿ ಉಳಿದಿತ್ತು. ಬ್ರೌಸರಿನಿಂದ ನಕಲು ಮಾಡಿದರೆ ‘ಅಂಗಳ’ದ ನಾಲ್ಕು ಸಂಕೇತ ಶೇಕಡಾ ಚಿಹ್ನೆಗಳ 36 ಅಕ್ಷರವಾಗುತ್ತದೆ. ಏಳು ಪದಗಳಿಗೂ 1ರಿಂದ 7ರವರೆಗೆ ಅಂಕಿ ಕೊಟ್ಟೆವು. ಕೊಂಡಿಯಲ್ಲಿ ಅಂಕಿ, ಪರದೆಯಲ್ಲಿ ಪದ, ಎರಡೂ ಒಂದೇ ಕಡೆ ಕರೆದೊಯ್ಯುತ್ತವೆ.

ಪ್ರೊಜೆಕ್ಷನ್ನನ್ನು ವಿಳಾಸದಲ್ಲಿ ಬೇರೆಯಾಗಿ ಬರೆಯಬೇಕೇ? ಬೇಡ ಅನ್ನಿಸಿತು. ಉಳಿಸುವುದೆಲ್ಲ ಡಿಗ್ರಿಯಲ್ಲಿ, ಇಪಿಎಸ್‌ಜಿ 4326. ಮೂಲ ಫೈಲು ಯಾವುದರಲ್ಲಿತ್ತು ಅನ್ನುವುದು ರಿಜಿಸ್ಟರಿನಲ್ಲಿ. ವಿಸ್ತೀರ್ಣವನ್ನು ಯುಟಿಎಂನಲ್ಲಿ ಅಳೆಯುವುದನ್ನೇ ನಿಲ್ಲಿಸಿದೆವು. ಮಾಲೂರು ಪಟ್ಟಿಯ ಅಂಚಿನಲ್ಲಿರುವುದರಿಂದ 43ರಲ್ಲಿ ಅಳೆದರೂ 44ರಲ್ಲಿ ಅಳೆದರೂ 100 ಎಕರೆಗೆ ಸುಮಾರು ಏಳು ಗುಂಟೆ ಹೆಚ್ಚು ತೋರುತ್ತದೆ. ಒತ್ತುವರಿಯ ಮಾತಿನಲ್ಲಿ ಏಳು ಗುಂಟೆ ಸಣ್ಣದಲ್ಲ. ಈಗ ಭೂಮಿಯ ಗುಂಡನೆಯ ಆಕಾರದ ಮೇಲೇ ನೇರ ಲೆಕ್ಕ.

ಹಳೆಯ ಹೆಸರುಗಳನ್ನು ಅಳಿಸಲಿಲ್ಲ. ‘ಕೆರೆ_ಕೋಲಾರ_ಅಂತಿಮ_ಹೊಸದು’ ಅಂತ ಈಗಲೂ ಕೇಳಿದರೆ ತಂತ್ರಾಂಶ ಹೊಸ ವಿಳಾಸಗಳ ಪಟ್ಟಿ ಕೊಡುತ್ತದೆ, ಯಾಕೆಂದರೆ ಹಳೆಯ ವರದಿಗಳಲ್ಲಿ ಆ ಹೆಸರೇ ಅಚ್ಚಾಗಿದೆ. ಜಿಲ್ಲೆ, ತಾಲ್ಲೂಕು, ಗ್ರಾಮ, ಹೋಬಳಿ ಎಲ್ಲವೂ ಕೆರೆಯ ಕಾಲಂಗಳಾದವು. ಒಂದು ಕೆರೆಗೆ ಎಷ್ಟು ಗ್ರಾಮ ಬೇಕಾದರೂ ಬರಲಿ. ‘581 ಕೊಡು’ ಅಂದರೆ ಈಗಿನ ಕೋಲಾರ, ‘581 ಮತ್ತು 582’ ಅಂದರೆ 2007ರ ಮುಂಚಿನ ಕೋಲಾರ.

ಮೊನ್ನೆ ಭಾನುವಾರ 57-11-08ರ ತೂಬುಗಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿದೆ. ದೊಡ್ಡಕೆರೆ ಎಂದು ಒಬ್ಬರು ಬರೆದದ್ದು, ಅಮಾನಿಕೆರೆ ಎಂದು ಇನ್ನೊಬ್ಬರು ಬರೆದದ್ದು, ಎರಡರ ತೂಬಿಗೂ ನಡುವೆ ನಾಲ್ಕು ಮೀಟರ್. ಒಂದೇ ಕಲ್ಲುಕಂಬದ ಆಚೆ ಈಚೆ ನಿಂತು ಇಬ್ಬರು ಅಳೆದಿದ್ದಾರೆ. ಎರಡನ್ನೂ ಒಂದೇ ಸಂಖ್ಯೆಗೆ ತಂದು, ಎರಡು ಹೆಸರನ್ನೂ ಉಳಿಸಿ, ಬಿಟ್ಟ ಸಂಖ್ಯೆಯನ್ನು ಮತ್ತೆ ಯಾವ ಕೆರೆಗೂ ಕೊಡದ ಹಾಗೆ ರಿಜಿಸ್ಟರಿನಲ್ಲಿ ಗೆರೆ ಎಳೆದಿದ್ದೇನೆ. ತಾತನಿಗೆ ಫೋನ್ ಮಾಡಿ ಕೇಳಿದೆ. “ಹೌದಮ್ಮ, ಎರಡೂ ನಮ್ಮ ಕೆರೇನೇ,” ಅಂದರು. ಇನ್ನು 57-12ರ ಹಾಳೆಗಳು ಬಾಕಿ ಇವೆ, ಬಂಗಾರಪೇಟೆಯಿಂದ ಕೆಜಿಎಫ್ ಕಡೆಗೆ.